ಊರ ಹೆಸರು ಬರೆಯದ ಯುಆರ್‌ಎಲ್ ಟ್ಯಾಗ್ ಅವರಿಗೊಂದು ಬಹಿರಂಗ ಪತ್ರ

ಜ್ಯಾಂಗೊ ಮನೆತನದ ಹಿರಿಯರೂ ಟೆಂಪ್ಲೇಟ್ ನಿವಾಸಿಗಳೂ ಆದ ಮಾನ್ಯ ಯುಆರ್‌ಎಲ್ ಟ್ಯಾಗ್ ಅವರ ಸನ್ನಿಧಿಗೆ,



ನಾನು ತಮ್ಮ ಅನ್ನ ಉಂಡವನು. ಜ್ಯಾಂಗೊ ಎಂಬ ಸಲಕರಣೆಯಿಂದ ವೆಬ್‌ಸೈಟ್ ಕಟ್ಟುವುದು ನನ್ನ ಕಸುಬು. ಈ ಕಸುಬಿಗೆ ಬಂದ ಮೇಲೆ ತಮ್ಮನ್ನು ಕರೆಯದೆ ಒಂದು ಟೆಂಪ್ಲೇಟನ್ನೂ ಮುಗಿಸಿದವನಲ್ಲ. ಹಾಗಾಗಿ ಮೊದಲು ಋಣವನ್ನು ಒಪ್ಪಿಕೊಂಡು ಆಮೇಲೆ ದೂರಿಗೆ ಬರುತ್ತೇನೆ.

ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ ಹಾಕುವಾಗ ನಾವು ದಾರಿಯನ್ನು ಕೈಯಾರೆ ಬರೆಯುವುದಿಲ್ಲ. ‘ಪುಸ್ತಕದ ವಿವರ, 42ನೆಯದು’ ಎಂದು ತಮ್ಮ ಕಿವಿಯಲ್ಲಿ ಹೇಳುತ್ತೇವೆ. ತಾವು ದಾರಿಗಳ ಪಟ್ಟಿಯನ್ನು ತೆರೆದು ನೋಡಿ ‘/ಪುಸ್ತಕ/42/’ ಎಂದು ಬರೆದುಕೊಡುತ್ತೀರಿ. ನಾಳೆ ಯಾರೋ ಬಂದು ‘ಪುಸ್ತಕ ಬೇಡ, ಗ್ರಂಥ ಎಂದಿರಲಿ’ ಎಂದರೆ ಪಟ್ಟಿಯಲ್ಲಿ ಒಂದು ಸಾಲು ತಿದ್ದಿದರೆ ಮುಗಿಯಿತು, ಸೈಟಿನ ಎಲ್ಲ ಕೊಂಡಿಗಳೂ ತಾವಾಗಿಯೇ ಹೊಸ ದಾರಿ ಹಿಡಿಯುತ್ತವೆ. ಒಮ್ಮೆ ಒಂದು ಸೈಟಿನ ಅರ್ಧಕ್ಕರ್ಧ ದಾರಿಗಳನ್ನು ಸಂಜೆ ಬದಲಿಸಿ ನೆಮ್ಮದಿಯಿಂದ ಮಲಗಿದ್ದೆ. ಆ ನಿದ್ದೆ ತಾವು ಕೊಟ್ಟದ್ದು, ಅದನ್ನು ಮರೆತಿಲ್ಲ.

ತಮ್ಮ ಹುಟ್ಟೂರಿನ ಬಗ್ಗೆಯೂ ನನಗೆ ಗೌರವವಿದೆ. ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರು, ಅಲ್ಲೊಂದು ದಿನಪತ್ರಿಕೆಯ ಕಚೇರಿ. ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಅಲ್ಲಿ ಕೂತು ಕಟ್ಟಲು ತೊಡಗಿದ್ದು, 2005ರ ಜುಲೈನಲ್ಲಿ ಲೋಕಕ್ಕೆಲ್ಲ ತೆರೆದಿಟ್ಟದ್ದು. ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್ ಅವರ ಹೆಸರನ್ನೇ ಮನೆತನಕ್ಕೆ ಇಟ್ಟರು. ದಿನ ಬೆಳಗಾದರೆ ಮನೆಮನೆಗೆ ಪತ್ರಿಕೆ ಮುಟ್ಟಿಸುವವರ ನಡುವೆ ಹುಟ್ಟಿ ಬೆಳೆದವರಿಗೆ ವಿಳಾಸದ ವಿಷಯವಾಗಿ ಪತ್ರ ಬರೆಯಬೇಕಾಗಿ ಬಂದಿದೆ. ಮನ್ನಿಸಬೇಕು.

ನಮ್ಮ ಕಡೆಯ ಒಂದು ಸಣ್ಣ ಊರಿನಲ್ಲಿ ಓದುಗರ ಬಳಗವೊಂದಿದೆ. ಅವರ ಪುಸ್ತಕಗಳ ಪಟ್ಟಿ, ಎರವಲಿನ ಲೆಕ್ಕ, ಸದಸ್ಯರ ನೋಂದಣಿ ಇವಕ್ಕೆಲ್ಲ ಒಂದು ಸೈಟ್ ಮಾಡಿಕೊಟ್ಟೆ. ಹೆಸರು ನೋಂದಾಯಿಸಿದವರಿಗೆ ಒಂದು ಮಿಂಚಂಚೆ ಹೋಗಬೇಕು, ಅದರಲ್ಲಿರುವ ಕೊಂಡಿಯನ್ನು ಒತ್ತಿದರೆ ಸದಸ್ಯತ್ವ ಖಚಿತವಾಗಬೇಕು. ಪುಟಗಳಲ್ಲಿ ತಮ್ಮನ್ನು ಹೇಗೆ ಕರೆಯುತ್ತಿದ್ದೆನೋ ಮಿಂಚಂಚೆಯ ಟೆಂಪ್ಲೇಟಿನಲ್ಲೂ ಹಾಗೆಯೇ ಕರೆದೆ. ತಾವೂ ಎಂದಿನ ಹಾಗೆಯೇ ಬರೆದುಕೊಟ್ಟಿರಿ: ಒಂದು ಓರೆಗೆರೆ, ‘ಅಕೌಂಟ್ಸ್’ ಎಂಬ ಪದ, ಮತ್ತೊಂದು ಓರೆಗೆರೆ, ‘ಕನ್ಫರ್ಮ್’ ಎಂಬ ಪದ, ಅದರ ಹಿಂದೆ ಅಂಕಿ ಅಕ್ಷರಗಳ ಗುಪ್ತ ಸಂಕೇತ. ತಾವೂ ತಡೆಯಲಿಲ್ಲ, ಸರ್ವರ್ ಕೂಡ ದೂರಲಿಲ್ಲ. ಅಂಚೆ ಹೊರಟುಹೋಯಿತು.

ಎರಡು ದಿನದ ಮೇಲೆ ಬಳಗದ ಹಿರಿಯ ಸದಸ್ಯರೊಬ್ಬರು ಫೋನ್ ಮಾಡಿದರು. ನಿವೃತ್ತ ಕನ್ನಡ ಮೇಷ್ಟ್ರು. ಮಿಂಚಂಚೆಯಲ್ಲಿದ್ದ ಸಾಲು ನೀಲಿ ಬಣ್ಣಕ್ಕೆ ತಿರುಗಿರಲಿಲ್ಲ, ಒತ್ತಿದರೆ ಏನೂ ಆಗಿರಲಿಲ್ಲ. ತಪ್ಪು ತಮ್ಮದೇ ಇರಬೇಕೆಂದುಕೊಂಡು ಅವರು ಆ ಗುಪ್ತ ಸಂಕೇತವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಒಂದೊಂದೇ ಅಕ್ಷರವಾಗಿ ಬರೆದುಕೊಂಡು, ಮತ್ತೆ ಬ್ರೌಸರಿನಲ್ಲಿ ಕುಟ್ಟಿ ನೋಡಿದ್ದರು. ಕೊನೆಗೆ ನನ್ನನ್ನು ಕೇಳಿದರು: ‘ಬೀದಿ ಇದೆ, ಮನೆ ನಂಬರೂ ಇದೆ. ಇದು ಯಾವ ಊರಿನದಪ್ಪಾ?’

ಮಾನ್ಯರೇ, ಆ ಪ್ರಶ್ನೆಯನ್ನು ಯಥಾವತ್ತಾಗಿ ತಮ್ಮ ಮುಂದಿಡುತ್ತಿದ್ದೇನೆ. ಓರೆಗೆರೆಯಿಂದ ಶುರುವಾಗುವ ದಾರಿ ಬ್ರೌಸರಿನೊಳಗೆ ಇರುವಷ್ಟು ಹೊತ್ತು ಸರಿ. ಅಲ್ಲಿ ಊರು ಯಾವುದೆಂದು ಬ್ರೌಸರಿಗೆ ಗೊತ್ತು, ಉಳಿದದ್ದನ್ನು ಅದೇ ಸೇರಿಸಿಕೊಳ್ಳುತ್ತದೆ. ಮನೆಯೊಳಗೆ ‘ಹಿತ್ತಲಲ್ಲಿದೆ ನೋಡು’ ಅಂದರೆ ಸಾಕಾಗುವ ಹಾಗೆ. ಮಿಂಚಂಚೆಗೆ ಹಿತ್ತಲು ಯಾವುದು? ಅದು ಹೊಸಿಲು ದಾಟಿ ಹೋದ ಕಾಗದ. ಎಚ್‌ಟಿಟಿಪಿಎಸ್ ಎಂಬ ಮೊದಲ ತುಂಡು, ಡೊಮೈನಿನ ಹೆಸರು, ಆಮೇಲೆ ದಾರಿ, ಮೂರೂ ಇದ್ದರೆ ಮಾತ್ರ ಅದು ವಿಳಾಸ.

ತಮ್ಮ ಮನೆಯಲ್ಲೇ ‘ಗೆಟ್ ಅಬ್ಸೊಲ್ಯೂಟ್ ಯುಆರ್‌ಎಲ್’ ಎಂಬ ಇನ್ನೊಬ್ಬರು ಹಿರಿಯರಿದ್ದಾರೆ. ಒಂದು ವಸ್ತುವಿನ ಪೂರ್ಣ ವಿಳಾಸ ಕೊಡುವವರು ಎಂದು ಅವರ ಹೆಸರೇ ಸಾರುತ್ತದೆ. ಹೆಸರನ್ನು ನಂಬಿ ಮುಂದಿನ ಬಾರಿ ಅವರ ಬಳಿ ಹೋದೆ. ಅವರೂ ಕೊಟ್ಟದ್ದು ಓರೆಗೆರೆಯಿಂದ ಶುರುವಾಗುವ ಅದೇ ದಾರಿ. ಅವರನ್ನು ಜರೆಯಲಾರೆ, ಅವರ ಪಕ್ಷದಲ್ಲೂ ನ್ಯಾಯವಿದೆ. ಟಿಮ್ ಬರ್ನರ್ಸ್-ಲೀ, ರಾಯ್ ಫೀಲ್ಡಿಂಗ್ ಮತ್ತು ಲ್ಯಾರಿ ಮಾಸಿಂಟರ್ ಬರೆದ, 2005ರ ಜನವರಿಯಲ್ಲಿ ಬಂದ ಆರ್‌ಎಫ್‌ಸಿ 3986 ಎಂಬ ನಿಯಮದಲ್ಲಿ ಓರೆಗೆರೆಯಿಂದ ಶುರುವಾಗುವ ಉಲ್ಲೇಖಕ್ಕೆ ‘ಅಬ್ಸೊಲ್ಯೂಟ್ ಪಾತ್’ ಎಂದೇ ಹೆಸರು. ದಾರಿ ಪೂರ್ಣ, ನಿಜ. ಆದರೆ ಪೂರ್ಣ ದಾರಿಗೂ ಪೂರ್ಣ ವಿಳಾಸಕ್ಕೂ ನಡುವೆ ಒಂದು ಊರಿನಷ್ಟು ಅಂತರವಿದೆ, ಮತ್ತು ಆ ಹಿರಿಯರ ಹೆಸರಿನಲ್ಲಿರುವುದು ‘ಪಾತ್’ ಅಲ್ಲ, ‘ಯುಆರ್‌ಎಲ್’. ಹೊಸದಾಗಿ ಕಲಿಯಲು ಬರುವ ಹುಡುಗ ಹುಡುಗಿಯರು ಇವತ್ತಿಗೂ ಈ ಹೆಸರಿನ ಮುಂದೆ ಮುಗ್ಗರಿಸುವುದನ್ನು ನೋಡುತ್ತೇನೆ. ಅವರ ಪರವಾಗಿ ಬೇಸರವಾಗುತ್ತದೆ.

ಪೂರ್ಣ ವಿಳಾಸ ಕಟ್ಟಬಲ್ಲವರು ತಮ್ಮ ಮನೆಯಲ್ಲಿ ಇಲ್ಲವೆಂದಲ್ಲ. ‘ಬಿಲ್ಡ್ ಅಬ್ಸೊಲ್ಯೂಟ್ ಯುಆರ್‌ಐ’ ಎಂಬುವರಿದ್ದಾರೆ, ತುಂಬ ಸಮರ್ಥರು. ಆದರೆ ಅವರು ಕೂರುವುದು ರಿಕ್ವೆಸ್ಟ್ ಎಂಬ ವಸ್ತುವಿನ ಒಳಗೆ, ಮತ್ತು ಯಾವ ದಾರಿಗೆ ವಿಳಾಸ ಬೇಕೆಂದು ಅವರಿಗೆ ಹೇಳಬೇಕು. ಟೆಂಪ್ಲೇಟಿನಲ್ಲಿ ನಿಂತು ಹೇಳಲು ಬರುವುದಿಲ್ಲ, ಏಕೆಂದರೆ ತಮ್ಮ ಟೆಂಪ್ಲೇಟ್ ಭಾಷೆಯಲ್ಲಿ ಒಂದು ಕ್ರಿಯೆಯನ್ನು ಕರೆಯಬಹುದೇ ಹೊರತು ಅದರ ಕೈಗೆ ಏನನ್ನೂ ಕೊಡುವಂತಿಲ್ಲ. ಹಾಗೆ ಮಾಡಿದ್ದು ಒಳ್ಳೆಯದಕ್ಕೇ. ಟೆಂಪ್ಲೇಟಿನಲ್ಲಿ ಬುದ್ಧಿವಂತಿಕೆ ಬೇಡ, ಅಲಂಕಾರವಷ್ಟೇ ಇರಲಿ ಎಂಬ ತತ್ತ್ವವನ್ನು ನಾನೂ ಮೆಚ್ಚುತ್ತೇನೆ. ಆದರೆ ಅದರ ಫಲ ನೋಡಿ: ಪೂರ್ಣ ವಿಳಾಸ ಬೇಕಾದವರು ಸ್ಕೀಮ್ ಎಂಬ ಆ ಮೊದಲ ತುಂಡನ್ನು ಒಂದು ಕಡೆಯಿಂದ ತಂದು, ಅದರ ಮುಂದೆ ಎರಡು ಚುಕ್ಕೆ ಎರಡು ಓರೆಗೆರೆಗಳನ್ನು ಕೈಯಾರೆ ಹಾಕಿ, ಡೊಮೈನನ್ನು ಇನ್ನೊಂದು ಕಡೆಯಿಂದ ತಂದು ಅಂಟಿಸಿ, ಕೊನೆಗೆ ತಮ್ಮನ್ನು ಕರೆಯುತ್ತಾರೆ. ಆ ಸ್ಕೀಮ್ ಎಂಬ ತುಂಡು ರಿಕ್ವೆಸ್ಟಿನೊಳಗೆ ನೇರವಾಗಿ ಸಿಗುವಂತಾದದ್ದೂ 2014ರ 1.7ನೆಯ ಆವೃತ್ತಿಯಲ್ಲಿ. ನಮ್ಮಂಥ ಹೊರಗಿನವರು ಹಾಗೆ ತೇಪೆ ಹಾಕಿದರೆ ಅದು ಬೇರೆ ಮಾತು. ಪಾಸ್‌ವರ್ಡ್ ಮರೆತವರಿಗೆ ಕಳುಹಿಸಲೆಂದು ತಮ್ಮ ಮನೆತನವೇ ಬರೆದಿಟ್ಟ ಮಿಂಚಂಚೆಯ ಟೆಂಪ್ಲೇಟನ್ನು ಭಕ್ತಿಯಿಂದ ತೆರೆದು ನೋಡಿದೆ. ಅಲ್ಲಿಯೂ ಪ್ರೊಟೊಕಾಲ್, ಎರಡು ಚುಕ್ಕೆ, ಎರಡು ಓರೆಗೆರೆ, ಡೊಮೈನ್, ಅದರ ಬೆನ್ನಿಗೆ ತಾವು. ತಮ್ಮವರೇ ತಮ್ಮಿಂದ ಪೂರ್ಣ ವಿಳಾಸ ಸಿಗದೆಂದು ತೇಪೆ ಹಾಕಿಕೊಂಡಿರುವಾಗ ಒಂದು ಮಾತು ಕೇಳಿಸಿಕೊಳ್ಳಬಾರದೇ?

ಡೊಮೈನಿನ ಹೆಸರನ್ನು ಎಲ್ಲಿಂದ ತರುವುದು? ಇಡೀ ನೋವು ಇರುವುದು ಇಲ್ಲಿಯೇ.

ಒಂದು ದಾರಿ ‘ಸೈಟ್ಸ್’ ಎಂಬ ತಮ್ಮ ಹಳೆಯ ವ್ಯವಸ್ಥೆ. ಲಾರೆನ್ಸಿನ ಆ ಪತ್ರಿಕಾ ಕಚೇರಿ ನಡೆಸುತ್ತಿದ್ದ ತಾಣಗಳಲ್ಲಿ ಒಂದು ಸುದ್ದಿಗೆ, ಇನ್ನೊಂದು ಊರಿನ ಮನರಂಜನೆಗೆ. ಕೆಲವು ಬರಹಗಳು ಎರಡರಲ್ಲೂ ಬರುತ್ತಿದ್ದವು. ಯಾವ ಬರಹ ಯಾವ ತಾಣದ್ದೆಂದು ನೆನಪಿಡಲು ಡೇಟಾಬೇಸಿನಲ್ಲಿ ತಾಣಗಳ ಪಟ್ಟಿಯೊಂದನ್ನು ಇಟ್ಟರು. ಸೊಗಸಾದ ಯೋಚನೆ. ಆ ವ್ಯವಸ್ಥೆಯನ್ನು ಸೇರಿಸಿಕೊಂಡಾಗ ಪಟ್ಟಿಯ ಮೊದಲ ಸಾಲನ್ನು ತಾವೇ ತುಂಬಿಕೊಡುತ್ತೀರಿ: ಎಕ್ಸಾಂಪಲ್ ಡಾಟ್ ಕಾಮ್. ಆ ಹೆಸರು 1999ರ ಆರ್‌ಎಫ್‌ಸಿ 2606ರ ಪ್ರಕಾರ ಉದಾಹರಣೆಗೆಂದೇ ಮೀಸಲಾಗಿಟ್ಟದ್ದು, ಯಾರ ಮನೆಯೂ ಅಲ್ಲ. ನಾನು ಅದನ್ನು ತಿದ್ದಲು ಮರೆತೆ, ತಪ್ಪು ನನ್ನದೇ. ಬಳಗದ ಎರಡನೆಯ ಸುತ್ತಿನ ಮಿಂಚಂಚೆಗಳು ಎಕ್ಸಾಂಪಲ್ ಡಾಟ್ ಕಾಮ್‌ನ ಕೊಂಡಿ ಹೊತ್ತು ಹೋದವು. ಈ ಸಲ ಅಕ್ಷರಗಳು ನೀಲಿಯಾದವು, ಒತ್ತಲೂ ಬಂತು. ಒತ್ತಿದವರೆಲ್ಲ ಪರದೇಶದ ಪಾಳು ಬಯಲಿನಲ್ಲಿ ಹೋಗಿ ನಿಂತರು. ‘ಹೆಸರು ತುಂಬಿಲ್ಲ, ಕಳುಹಿಸಲಾರೆ’ ಎಂದು ತಾವು ಒಂದೇ ಒಂದು ಸಲ ಗದರಿದ್ದರೆ ನಾನು ನಿಂತು ನೋಡುತ್ತಿದ್ದೆ. ತಾವು ಗದರುವವರಲ್ಲ. ಆ ಸೌಮ್ಯ ಸ್ವಭಾವದಿಂದ ನಮಗೆ ನಷ್ಟವಾಗಿದೆ.

ಇನ್ನೊಂದು ದಾರಿ ಇದಕ್ಕಿಂತ ಅಪಾಯದ್ದು. ಊರಿನ ಹೆಸರನ್ನು ಬಂದ ಅತಿಥಿಯನ್ನೇ ಕೇಳುವುದು.

1997ರ ಎಚ್‌ಟಿಟಿಪಿ 1.1 ನಿಯಮದ ಪ್ರಕಾರ ಬ್ರೌಸರ್ ಪ್ರತಿ ಬಾರಿ ಬಾಗಿಲು ತಟ್ಟುವಾಗಲೂ ‘ನಾನು ಇಂಥ ಹೆಸರಿನ ಮನೆಗೆ ಬಂದಿದ್ದೇನೆ’ ಎಂದು ಹೇಳಲೇಬೇಕು. ಅದಕ್ಕೆ ಹೋಸ್ಟ್ ಹೆಡರ್ ಎಂದು ಹೆಸರು. ಒಂದೇ ಯಂತ್ರದಲ್ಲಿ ಹತ್ತಾರು ಸೈಟುಗಳು ವಾಸಿಸಲು ಸಾಧ್ಯವಾದದ್ದು ಇದರಿಂದ. ಆದರೆ ಆ ಮಾತನ್ನು ಬರೆಯುವವರು ಬಂದವರು. ಅವರು ಏನನ್ನೂ ಬರೆಯಬಹುದು. ಕೆಟ್ಟ ಮನಸ್ಸಿನವನೊಬ್ಬ ‘ಪಾಸ್‌ವರ್ಡ್ ಮರೆತೆ’ ಪುಟಕ್ಕೆ ಬಂದು, ನಮ್ಮ ಮೇಷ್ಟ್ರ ಮಿಂಚಂಚೆ ವಿಳಾಸ ತುಂಬಿ, ಹೋಸ್ಟ್ ಹೆಡರಿನಲ್ಲಿ ತನ್ನದೇ ಡೊಮೈನ್ ಬರೆಯುತ್ತಾನೆ ಎಂದುಕೊಳ್ಳಿ. ವಿಳಾಸ ಕಟ್ಟುವವರು ಅದನ್ನೇ ನಂಬಿದರೆ ಮೇಷ್ಟ್ರಿಗೆ ಮಿಂಚಂಚೆ ಬರುತ್ತದೆ. ಕಳುಹಿಸಿದವರು ನಾವೇ, ಸಹಿ ನಮ್ಮದೇ, ಗುಪ್ತ ಸಂಕೇತ ಅಸಲಿಯೇ. ಊರಿನ ಹೆಸರು ಮಾತ್ರ ಕಳ್ಳನದು. ಮೇಷ್ಟ್ರು ನಂಬಿ ಒತ್ತುತ್ತಾರೆ, ಸಂಕೇತ ಕಳ್ಳನ ಕೈ ಸೇರುತ್ತದೆ, ಅವನು ಅದೇ ಸಂಕೇತ ಹಿಡಿದು ನಮ್ಮ ಸೈಟಿಗೆ ಬಂದು ಹೊಸ ಪಾಸ್‌ವರ್ಡ್ ಇಡುತ್ತಾನೆ. ನಾವೇ ಕೀಲಿಕೈ ಮಾಡಿ, ನಾವೇ ಅಂಚೆಗೆ ಹಾಕಿ, ಕಳ್ಳನ ಮನೆಯ ವಿಳಾಸ ಬರೆದಂತಾಯಿತು. ಇದು ನನ್ನ ಕಲ್ಪನೆಯಲ್ಲ. ಇಂಥ ದಾಳಿಗಳನ್ನು ಕಂಡೇ 2013ರ ಫೆಬ್ರುವರಿಯಲ್ಲಿ ತಮ್ಮ ಮನೆತನ ‘ಅಲೋಡ್ ಹೋಸ್ಟ್ಸ್’ ಎಂಬ ಕಾವಲಿನ ಪಟ್ಟಿಯನ್ನು ತಂದಿತು. ಆ ಪಟ್ಟಿಯಲ್ಲಿಲ್ಲದ ಹೆಸರು ಹೇಳಿಕೊಂಡು ಬಂದವರಿಗೆ 400 ಎಂಬ ಉತ್ತರ, ಬಾಗಿಲು ಬಂದ್.

ಆ ಕಾವಲಿಗೆ ನಾನು ನಿಜವಾಗಿಯೂ ಕೈಮುಗಿಯುತ್ತೇನೆ. ಆದರೆ ಪಟ್ಟಿಯಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕಿದರೆ ಯಾರು ಬೇಕಾದರೂ ಒಳಗೆ ಬರಬಹುದು, ಮತ್ತು ಗಡಿಬಿಡಿಯಲ್ಲಿ ಸೈಟ್ ಏರಿಸುವವರು ಮೊದಲು ಹಾಕುವುದು ಆ ನಕ್ಷತ್ರವನ್ನೇ. ಅದಕ್ಕೂ ಮಿಗಿಲಾಗಿ, ಒಳಗೆ ಬಿಡಬಹುದಾದ ಹೆಸರುಗಳ ಪಟ್ಟಿಯೇ ಬೇರೆ, ‘ನನ್ನ ಹೆಸರು ಇದು’ ಎಂದು ಹೇಳಿಕೊಳ್ಳುವುದೇ ಬೇರೆ. ನನ್ನ ಮನೆಯ ಹೆಸರೇನೆಂದು ದಿನವೂ ದಾರಿಹೋಕರನ್ನು ಕೇಳಿ, ಅವರ ಉತ್ತರ ಒಪ್ಪಬಹುದಾದ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳುವ ಬದಲು, ಬಾಗಿಲ ಮೇಲೊಂದು ನಾಮಫಲಕ ಹಾಕಿಬಿಡಬಾರದೇ?

ಬಂದ ಅತಿಥಿ ಪ್ರಾಮಾಣಿಕನಾಗಿದ್ದರೂ ನಡುವೆ ಇನ್ನೊಬ್ಬರಿರುತ್ತಾರೆ. ಎಂಜಿನ್‌ಎಕ್ಸ್‌ನಂಥ ಪ್ರಾಕ್ಸಿಗಳು ಹೊರಬಾಗಿಲಲ್ಲಿ ನಿಂತು ಬಂದವರನ್ನು ಒಳಗೆ ತಮ್ಮ ಬಳಿ ಕಳುಹಿಸುತ್ತವೆ, ಕಾಗದದ ಮೇಲೆ ಕೇರಾಫ್ ಬರೆದ ಹಾಗೆ. ಬೇರೆ ಹೇಳದಿದ್ದರೆ ಎಂಜಿನ್‌ಎಕ್ಸ್ ಮುಂದಕ್ಕೆ ದಾಟಿಸುವುದು ಅತಿಥಿ ಹೇಳಿದ ಹೆಸರನ್ನಲ್ಲ, ಒಳಗಿನ ಸರ್ವರಿನ ಹೆಸರನ್ನು. ಆಗ ಹುಟ್ಟುವ ವಿಳಾಸ 127.0.0.1:8000. ನನ್ನ ಯಂತ್ರದಲ್ಲಿ ಅದನ್ನು ಒತ್ತಿದರೆ ಪುಟ ತೆರೆಯುತ್ತದೆ, ಎಲ್ಲ ಸರಿಯಾಗಿದೆ ಎಂದು ಬೀಗುತ್ತೇನೆ. ಮೇಷ್ಟ್ರು ಒತ್ತಿದರೆ ಅದು ಹುಡುಕುವುದು ಮೇಷ್ಟ್ರ ಫೋನಿನೊಳಗೇ. ಹಾಗೆಯೇ ಹೊರಗೆ ಎಚ್‌ಟಿಟಿಪಿಎಸ್, ಒಳಗೆ ಬರಿಯ ಎಚ್‌ಟಿಟಿಪಿ. ಹೊರಬಾಗಿಲಲ್ಲಿ ಬೀಗ ಇತ್ತೆಂದು ಒಳಗಿನವರಿಗೆ ತಿಳಿಯಲು ‘ಎಕ್ಸ್-ಫಾರ್ವರ್ಡೆಡ್-ಪ್ರೊಟೊ’ ಎಂಬ ಚೀಟಿ ಬೇಕು, ಆ ಚೀಟಿಯನ್ನು ನಂಬಲು ಸೆಟ್ಟಿಂಗ್ಸಿನಲ್ಲಿ ಇನ್ನೊಂದು ಸಾಲು ಬೇಕು. ಪ್ರಾಕ್ಸಿ ಆ ಚೀಟಿಯನ್ನು ತಾನೇ ಬರೆಯದೆ ಹೊರಗಿನಿಂದ ಬಂದದ್ದನ್ನೇ ದಾಟಿಸಿದರೆ ಆ ನಂಬಿಕೆಯೂ ಮೋಸಕ್ಕೆ ದಾರಿ. ಇಷ್ಟೆಲ್ಲ ಒಂದು ಊರಿನ ಹೆಸರಿಗಾಗಿ.

ಮತ್ತೆ ಅತಿಥಿಯೇ ಇಲ್ಲದ ಹೊತ್ತು ಬರುತ್ತದೆ. ಪುಸ್ತಕ ಹಿಂದಿರುಗಿಸುವ ಗಡುವು ಮುಗಿದವರಿಗೆ ನೆನಪಿನ ಓಲೆ ಹೋಗುವುದು ರಾತ್ರಿ, ಯಾರೂ ಬಾಗಿಲು ತಟ್ಟದ ಸಮಯದಲ್ಲಿ, ಗೊತ್ತುಪಡಿಸಿದ ಹೊತ್ತಿಗೆ ಕ್ರಾನ್ ಎಬ್ಬಿಸಿದ ಕೆಲಸವಾಗಿ. ಅಲ್ಲಿ ರಿಕ್ವೆಸ್ಟ್ ಎಂಬುದೇ ಇರುವುದಿಲ್ಲ. ಅತಿಥಿಯನ್ನು ಕೇಳಿ ಊರಿನ ಹೆಸರು ಬರೆಯುವವರು ಆಗ ಯಾರನ್ನು ಕೇಳಬೇಕು? ತಮ್ಮ ಸೇವೆ ಅತ್ಯಂತ ಬೇಕಾದದ್ದು ಇಂಥಲ್ಲೇ. ಓದುಗ ನಮ್ಮ ಬಳಿ ಬರುವುದಲ್ಲ, ನಾವೇ ಓದುಗನ ಬಳಿ ಹೋಗುವಲ್ಲಿ.

ಮಿಂಚಂಚೆಯಷ್ಟೇ ಅಲ್ಲ ಎಂಬುದು ತಮಗೂ ಗೊತ್ತು. ಹುಡುಕುಯಂತ್ರಗಳಿಗೆ ಕೊಡುವ ಸೈಟ್‌ಮ್ಯಾಪ್, ಒಂದು ಕಡತಕ್ಕೆ 50,000 ವಿಳಾಸಗಳವರೆಗೆ, ಎಲ್ಲವೂ ಪೂರ್ಣವಾಗಿರಬೇಕು. ಕೊಂಡಿ ಹಂಚಿದಾಗ ಕಾಣುವ ಚಿತ್ರಕ್ಕೆ, ಅಂದರೆ 2010ರಲ್ಲಿ ಬಂದ ಓಪನ್ ಗ್ರಾಫ್ ಗುರುತಿಗೆ, ಚಿತ್ರದ ಪೂರ್ಣ ವಿಳಾಸ ಬೇಕು. ಪುಟದ ಅಧಿಕೃತ ವಿಳಾಸ ಸಾರುವ ಕನಾನಿಕಲ್ ಕೊಂಡಿ 2009ರಿಂದ ಇದೆ. ಅತಿಥಿ ಹೇಳಿದ ಹೆಸರನ್ನೇ ಅದರಲ್ಲಿ ಅಧಿಕೃತವೆಂದು ಬರೆದರೆ ಆ ಗುರುತಿಗೆ ಬೆಲೆಯೇ ಉಳಿಯುವುದಿಲ್ಲ.

ವೆಬ್‌ಸೈಟ್ ಕಟ್ಟಲು ನೆರವಾಗುವ ತಮ್ಮ ನೆರೆಹೊರೆಯವರ ಮಾತು ಎತ್ತುತ್ತೇನೆ, ಹೋಲಿಸಿ ನೋಯಿಸಲು ಅಲ್ಲ. ರೈಲ್ಸ್ ಮನೆಯಲ್ಲಿ ಪ್ರತಿ ದಾರಿಗೂ ಎರಡು ಹೆಸರು, ‘ಪಾತ್’ ಎಂದು ಮುಗಿದರೆ ದಾರಿ, ‘ಯುಆರ್‌ಎಲ್’ ಎಂದು ಮುಗಿದರೆ ಪೂರ್ಣ ವಿಳಾಸ. ಸಿಂಫನಿಯವರ ಟೆಂಪ್ಲೇಟಿನಲ್ಲೂ ಹಾಗೆಯೇ ಎರಡು ಕೈಗಳಿವೆ. ಫ್ಲಾಸ್ಕ್‌ನಲ್ಲಿ ಅದೇ ಕರೆಗೆ ‘ಎಕ್ಸ್‌ಟರ್ನಲ್’ ಎಂಬ ಒಂದು ಪದ ಸೇರಿಸಿದರೆ ಆಯಿತು. ನನ್ನ ಮನಸ್ಸಿಗೆ ಹಿಡಿದದ್ದು ರೈಲ್ಸ್‌ನ ಒಂದು ಗುಣ: ಮಿಂಚಂಚೆಯಲ್ಲಿ ಪೂರ್ಣ ವಿಳಾಸ ಕೇಳಿ, ಡೊಮೈನ್ ಹೇಳಲು ಮರೆತಿದ್ದರೆ, ಅದು ಕೆಲಸವನ್ನೇ ನಿಲ್ಲಿಸಿ ಹೋಸ್ಟ್ ಇಲ್ಲವೆಂದು ದೂರುತ್ತದೆ. ಕಾಗದ ಹೊರಡುವುದೇ ಇಲ್ಲ. ಆ ದೂರು ನನ್ನ ಪರದೆಯ ಮೇಲೆ ಬರುತ್ತದೆ, ಮೇಷ್ಟ್ರ ನೋಟ್‌ಬುಕ್ಕಿನವರೆಗೆ ಹೋಗುವುದಿಲ್ಲ.

ಕನ್ನಡದ ಮಾತು ಒಂದಿಷ್ಟು. ದಾರಿಯಲ್ಲಿ ಕನ್ನಡ ಪದಗಳಿದ್ದರೆ ತಾವು ನಿಯಮದಂತೆ ಅವನ್ನು ಶೇಕಡಾ ಚಿಹ್ನೆಗಳಿಗೆ ಇಳಿಸುತ್ತೀರಿ. ‘ಕನ್ನಡ’ ಎಂಬ ಪದದಲ್ಲಿ ಕಂಪ್ಯೂಟರ್ ಎಣಿಸುವುದು ಐದು ಸಂಕೇತಗಳನ್ನು. ಒಂದೊಂದಕ್ಕೂ 3 ಬೈಟ್, ಬೈಟೊಂದಕ್ಕೆ 3 ಅಕ್ಷರ, ಒಟ್ಟು 45. ಅದು ನಿಯಮ, ತಮ್ಮ ಮೇಲೆ ಸಿಟ್ಟಿಲ್ಲ. ಆದರೆ ತಮಗೆ ದಾರಿಯ ತುಂಡುಗಳನ್ನು ಒದಗಿಸುವ ‘ಸ್ಲಗಿಫೈ’ ಅವರಿಗೆ ದಯವಿಟ್ಟು ಒಂದು ಮಾತು ಹೇಳಿ. ಸುಮ್ಮನೆ ಕರೆದರೆ ಅವರು ಕನ್ನಡ ಶೀರ್ಷಿಕೆಯನ್ನು ಪೂರ್ತಿ ಅಳಿಸಿ ಬರಿಗೈ ತೋರಿಸುತ್ತಾರೆ. ಯೂನಿಕೋಡ್ ಇರಲಿ ಎಂದು ಬೇಡಿಕೊಂಡರೆ ಅಕ್ಷರ ಉಳಿಸಿ, ಕಾಗುಣಿತದ ಚಿಹ್ನೆಗಳನ್ನೆಲ್ಲ ಕಿತ್ತುಹಾಕುತ್ತಾರೆ. ‘ಮೈಸೂರು’ ಅವರ ಕೈಯಲ್ಲಿ ‘ಮಸರ’ ಆಗುತ್ತದೆ. ‘ಮೊಸರು’ ಕೂಡ ‘ಮಸರ’ವೇ. ಜೀವಮಾನವೆಲ್ಲ ಮಕ್ಕಳ ಕಾಗುಣಿತ ತಿದ್ದಿದ ಮೇಷ್ಟ್ರಿಗೆ ಇದನ್ನು ತೋರಿಸುವ ಧೈರ್ಯ ನನಗಾಗಲಿಲ್ಲ.

ನನ್ನ ವಿನಂತಿ ಇಷ್ಟೇ, ಮಾನ್ಯರೇ. ಸೆಟ್ಟಿಂಗ್ಸಿನಲ್ಲಿ ಸೈಟಿನ ಸ್ವಂತ ಪೂರ್ಣ ವಿಳಾಸಕ್ಕೆ ಒಂದು ಸಾಲು ಕೊಡಿ, ಸ್ಕೀಮ್ ಸಮೇತ. ತಮ್ಮ ಪಕ್ಕದಲ್ಲಿ ನಿಲ್ಲುವ ಒಬ್ಬ ತಮ್ಮನನ್ನೋ ತಂಗಿಯನ್ನೋ ಕೊಡಿ, ಹೊರಗೆ ಹೋಗುವ ಕಾಗದಕ್ಕೆ ಆ ಸಾಲನ್ನೇ ಓದಿ ವಿಳಾಸ ಬರೆಯಲಿ, ಅತಿಥಿಯನ್ನು ಕೇಳದಿರಲಿ. ಆ ಸಾಲು ಖಾಲಿ ಇದ್ದರೆ ಗಟ್ಟಿಯಾಗಿ ಕೂಗಿ ಕೆಲಸ ನಿಲ್ಲಿಸಲಿ. ನಾನು ನನ್ನ ಮಟ್ಟಿಗೆ ಇದನ್ನು ಮಾಡಿಕೊಂಡಿದ್ದೇನೆ. ಹತ್ತಾರು ಸಾಲುಗಳ ಒಂದು ಸಣ್ಣ ಟ್ಯಾಗ್, ದಾರಿಯನ್ನು ತಾವು ಹುಡುಕುವಂತೆಯೇ ಹುಡುಕಿ, ಮುಂದೆ ಆ ವಿಳಾಸ ಸೇರಿಸುತ್ತದೆ. ನನ್ನಂತೆ ಇನ್ನೆಷ್ಟೋ ಜನ ತಮ್ಮ ತಮ್ಮ ಮನೆಯಲ್ಲಿ ಇಂಥದ್ದನ್ನು ಬರೆದುಕೊಳ್ಳುತ್ತಿದ್ದಾರೆ, ಬಹುಪಾಲು ಮಂದಿ ಮೊದಲ ತಪ್ಪು ಅಂಚೆ ಹೋದ ಮೇಲೆ.

ಆ ಟ್ಯಾಗ್ ಬರೆದ ದಿನವೇ ಮೇಷ್ಟ್ರಿಗೆ ಹೊಸ ಮಿಂಚಂಚೆ ಕಳುಹಿಸಿದೆ. ಒತ್ತಿದರು, ಸದಸ್ಯರಾದರು, ಆವತ್ತೇ ಎರಡು ಪುಸ್ತಕ ಕಾದಿರಿಸಿದರು. ಉಳಿದವರಿಗೂ ಕಳುಹಿಸಿದೆ. ಕೆಲವರು ಬಂದರು. ಕೆಲವರು ಮೊದಲ ಎರಡು ಕಾಗದಗಳಿಗೇ ಸಾಕಾಗಿ, ಇದು ತಮಗೆ ಬರುವ ವಿದ್ಯೆಯಲ್ಲ ಎಂದುಕೊಂಡು ಸುಮ್ಮನಾದರು. ಅವರ ಅಂಚೆಪೆಟ್ಟಿಗೆಗಳಲ್ಲಿ ತಾವು ಬರೆದುಕೊಟ್ಟ ಆ ಸಾಲು, ಓರೆಗೆರೆಯಿಂದ ಶುರುವಾಗುವ ಆ ದಾರಿ, ಈಗಲೂ ಹಾಗೆಯೇ ಇದೆ.

ಇತಿ,
ತಮ್ಮನ್ನು ನಾಳೆ ಬೆಳಗ್ಗೆ ಮತ್ತೆ ಕರೆಯಲಿರುವ,
ತಮ್ಮ ವಿಧೇಯ ಕಸುಬುದಾರ